ಚಳಿಗಾಲದಲ್ಲಿ ಕ್ಯೂ ಗಾಜಿನ ಮನೆಗಳನ್ನು ಗುಂಪಾಗಿ ನೋಡುವುದು ಹೇಗೆ?

ಲಂಡನ್ ಸುತ್ತಮುತ್ತಲಿನ ಕನ್ನಡದವರು ಸೇರಿ ಕೈತೋಟದ ಗುಂಪು ಮಾಡಿಕೊಂಡಿದ್ದೀರಾ? ಹಾಗಿದ್ದರೆ ಚಳಿಗಾಲದಲ್ಲಿ ಒಂದು ದಿನ ಲಂಡನ್ನಿನ ದೊಡ್ಡ ಸಸ್ಯೋದ್ಯಾನವಾದ ಕ್ಯೂ ಗಾರ್ಡನ್ಸ್‌ಗೆ ಹೋಗಿ ಬನ್ನಿ. ಬೇಸಿಗೆಯಲ್ಲಿ ಹೊರಗಿನ ಹೂವಿನ ಮಡಿಗಳೇ ಕಣ್ಣು ಸೆಳೆಯುತ್ತವೆ. ಗಾಜಿನ ಮನೆ ಯಾಕೆ ಬೇಕು ಅನ್ನೋದು ಗೊತ್ತಾಗುವುದು ಚಳಿಯಲ್ಲಿ ನಡುಗುತ್ತಾ ಅದರ ಬಾಗಿಲು ತೆಗೆದಾಗಲೇ.

ಲಾಲ್‌ಬಾಗ್‌ನ ಗಾಜಿನ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಕ್ಯೂನಿಂದಲೇ ಬಂದು ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರೂನ್ ಅವರ ಕಾಲದಲ್ಲಿ, 1889ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಅದು ಫಲಪುಷ್ಪ ಪ್ರದರ್ಶನದ ಜಾಗ. ಬೆಂಗಳೂರಿನ ಗಿಡಗಳಿಗೆ ಬದುಕಲು ಗಾಜಿನ ಆಸರೆ ಬೇಕಿಲ್ಲ. ಕ್ಯೂನಲ್ಲಿ ಹಾಗಲ್ಲ, ಬಿಸಿ ನಿಂತರೆ ಬಾಳೆ, ಕೋಕೋ ಯಾವುದೂ ಉಳಿಯುವುದಿಲ್ಲ.

ದಿನ ಗೊತ್ತು ಮಾಡಿ

ಡಿಸೆಂಬರ್ ಬೇಡ. ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜನವರಿ ಕೊನೆ ಅಥವಾ ಫೆಬ್ರವರಿಯ ವಾರದ ದಿನ ಒಳ್ಳೆಯದು. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಆರ್ಕಿಡ್ ಹಬ್ಬವೂ ಇರುತ್ತದೆ. ಆಗ ಜನ ಜಾಸ್ತಿ, ಟಿಕೆಟ್ ಮೊದಲೇ ಮಾಡಿಸಿ. ಯಾವ ಮನೆ ತೆರೆದಿದೆ ಅಂತಲೂ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ನೈದಿಲೆಗಳ ಮನೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಸೆಕೆ ನಾಡಿನ ಗಿಡಗಳಿರುವ ಪಾಮ್ ಹೌಸನ್ನೂ ದೊಡ್ಡ ದುರಸ್ತಿಗೆ ಮುಚ್ಚುವ ಯೋಜನೆಯಿದೆ.

ಬಟ್ಟೆ, ಕ್ಯಾಮೆರಾ

ಒಂದೇ ದಪ್ಪ ಕೋಟಿನ ಬದಲು ತೆಳುವಾದ ಎರಡು ಮೂರು ಪದರ ಹಾಕಿಕೊಳ್ಳಿ, ಒಳಗೆ ಹೋದಾಗ ತೆಗೆಯಬಹುದು. ತಣ್ಣಗಿರುವ ಲೆನ್ಸ್ ಬಿಸಿ ಮನೆಗೆ ಹೋದ ತಕ್ಷಣ ಮಂಜು ಕಟ್ಟುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು ಹತ್ತು ಹದಿನೈದು ನಿಮಿಷ ಬಿಟ್ಟು ತೆಗೆಯಿರಿ. ಕನ್ನಡಕದವರು ಬಾಗಿಲ ಹತ್ತಿರ ಸ್ವಲ್ಪ ನಿಂತು ಮುಂದೆ ಹೋಗಲಿ, ನೆಲ ಒದ್ದೆ ಇರುತ್ತದೆ.

ತಣ್ಣನೆಯ ಮನೆ ಮೊದಲು

ಕ್ಯೂ ಗಾರ್ಡನ್ಸ್ ಸ್ಟೇಷನ್‌ನಲ್ಲಿ ಇಳಿದು ವಿಕ್ಟೋರಿಯಾ ಗೇಟಿನಿಂದ ಒಳಗೆ ಹೋಗಿ. ಪಾಮ್ ಹೌಸ್ ಹತ್ತಿರದಲ್ಲೇ ಇದೆ ಅಂತ ಎಲ್ಲರೂ ಅದಕ್ಕೇ ನುಗ್ಗುತ್ತಾರೆ. ನೀವು ಮೊದಲು ಎಡಕ್ಕೆ ನಡೆದು ಟೆಂಪರೇಟ್ ಹೌಸ್ ನೋಡಿ. ತಂಪಿನಿಂದ ಸೆಕೆಯ ಕಡೆಗೆ ಹೋದರೆ ಮೈಗೂ ಹಿತ, ಗಿಡಗಳ ವ್ಯತ್ಯಾಸವೂ ಚೆನ್ನಾಗಿ ತಿಳಿಯುತ್ತದೆ.

1863ರಲ್ಲಿ ತೆರೆದ ಈ ಮನೆ ಪೂರ್ತಿಯಾಗಿದ್ದು 1899ರಲ್ಲಿ. ಐದು ವರ್ಷದ ದುರಸ್ತಿ ಮುಗಿಸಿ 2018ರಲ್ಲಿ ಮತ್ತೆ ಬಾಗಿಲು ತೆರೆಯಿತು. ಇಲ್ಲಿ ಎನ್ಸೆಫಲಾರ್ಟೋಸ್ ವುಡಿ ಅನ್ನುವ ಸೈಕಾಡ್ ಗಿಡವನ್ನು ಹುಡುಕಲೇಬೇಕು. ಸೈಕಾಡ್ ಅಂದರೆ ತಾಳೆಯಂತೆ ಕಾಣುವ ಪುರಾತನ ಜಾತಿ, ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. 1895ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಾಡಿನಲ್ಲಿ ಸಿಕ್ಕಿದ್ದು ಒಂದೇ ಒಂದು ಗಂಡು ಗಿಡ. ಹೆಣ್ಣು ಇವತ್ತಿನವರೆಗೂ ಸಿಕ್ಕಿಲ್ಲ. ಜಗತ್ತಿನಲ್ಲಿ ಈಗಿರುವುದೆಲ್ಲ ಆ ಒಂದೇ ಗಿಡದ ಮರಿಗಳು. ಮರಿ ತೆಗೆದು ನೆಟ್ಟು ಗೊತ್ತಿರುವ ಯಾರಿಗಾದರೂ ಇದರ ಮುಂದೆ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪಾಮ್ ಹೌಸ್‌ಗೆ ಸಮಯ ಕೊಡಿ

ವಾಪಸ್ ಬರುತ್ತಾ ಗೇಟಿನ ಹತ್ತಿರದ ಎತ್ತರದ ಇಟ್ಟಿಗೆ ಗೋಪುರ ತೋರಿಸಿ. ಅದು ಪಾಮ್ ಹೌಸಿನ ಹೊಗೆ ಕೊಳವೆ! 1840ರ ದಶಕದಲ್ಲಿ ಮನೆ ಕಟ್ಟಿದಾಗ ನೆಲಮಾಳಿಗೆಯ ಬಾಯ್ಲರುಗಳ ಹೊಗೆಯನ್ನು ಸುರಂಗದಲ್ಲಿ ಅಲ್ಲಿಯವರೆಗೆ ಸಾಗಿಸಲಾಗುತ್ತಿತ್ತು.

ಒಳಗೆ ಕಾಲಿಟ್ಟರೆ ಮಳೆಗಾಲದ ಮಲೆನಾಡಿನ ವಾಸನೆ. ಕಾಫಿ, ಮೆಣಸಿನ ಬಳ್ಳಿ, ಬಾಳೆ ಎಲ್ಲ ಇವೆ. ಇಲ್ಲಿ ಅವಸರ ಬೇಡ. ಕುಂಡದಲ್ಲಿ ಬೆಳೆದಿರುವ ಇನ್ನೊಂದು ಸೈಕಾಡ್ ಇದೆ. ಕ್ಯೂಗಾಗಿ ಗಿಡ ಸಂಗ್ರಹಿಸುತ್ತಿದ್ದ ಫ್ರಾನ್ಸಿಸ್ ಮ್ಯಾಸನ್ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದದ್ದು, ಪಾಮ್ ಹೌಸಿಗಿಂತಲೂ ಹಳೆಯದು. ಕಾಂಡ ಓರೆಯಾಗಿ ಬೆಳೆದಿದೆ, ಬೀಳದಂತೆ ಊರುಗೋಲು ಕೊಟ್ಟಿದ್ದಾರೆ. ಹತ್ತಿರದಿಂದ ನೋಡಿದರೆ ಕಾಂಡದ ಮೇಲೆಲ್ಲ ಹಳೆಯ ಎಲೆಬುಡಗಳ ಗುರುತು ಸಾಲುಸಾಲಾಗಿ ಕಾಣುತ್ತದೆ.

ಹೆಸರು ಫಲಕ ಓದುವುದನ್ನೂ ಕಲಿಸಿ. ಗಿಡದ ಹೆಸರು, ಕುಟುಂಬ, ಮೂಲ ಊರಿನ ಜೊತೆ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ನಾಲ್ಕು ಅಂಕಿ ಸಾಮಾನ್ಯವಾಗಿ ಗಿಡ ಕ್ಯೂಗೆ ಬಂದ ವರ್ಷ.

ಇನ್ನೊಂದು ಮಾತು. ಚೆನ್ನಾಗಿರೋ ಗಿಡ ಕಂಡರೆ ಸುಮ್ನೆ ಒಂದು ಕಡ್ಡಿ ಮುರಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಇಲ್ಲಿ ಅದು ಬೇಡವೇ ಬೇಡ. ಬಿದ್ದ ಬೀಜವನ್ನೂ ಎತ್ತಬೇಡಿ. ಹೊರಡುವ ಮುಂಚೆಯೇ ಎಲ್ಲರಿಗೂ ಸ್ಪಷ್ಟವಾಗಿ ಹೇಳಿ.

ಕೊನೆಯ ಸುತ್ತು

ಊಟವಾದ ಮೇಲೆ 1987ರ ಪ್ರಿನ್ಸೆಸ್ ಆಫ್ ವೇಲ್ಸ್ ಕನ್ಸರ್ವೇಟರಿ. ಒಂದೇ ಸೂರಿನಡಿ ಹತ್ತು ಬಗೆಯ ಹವೆ: ಕಳ್ಳಿಗಿಡಗಳ ಒಣ ಬಿಸಿಲಿನಿಂದ ಆರ್ಕಿಡ್‌ಗಳ ತೇವದವರೆಗೆ.

ಹತ್ತಿರದಲ್ಲೇ ಇರುವ ಪುಟ್ಟ ಆಲ್ಪೈನ್ ಹೌಸ್ ಬಿಡಬೇಡಿ. ಉಳಿದವು ಬೆಚ್ಚಗಿಡುವ ಮನೆಗಳು, ಇದು ತಣ್ಣಗಿಡುವ ಮನೆ! ಬೆಟ್ಟದ ಗಿಡಗಳಿಗೆ ಸೆಕೆ ಆಗದು. ಹಾಗಾಗಿ ನೆಲದಡಿಯ ಕಾಂಕ್ರೀಟ್ ಓಣಿಗಳಲ್ಲಿ ಗಾಳಿಯನ್ನು ಸುತ್ತಿಸಿ, ತಂಪು ಮಾಡಿ ಗಿಡಗಳ ಮೇಲೆ ಬಿಡುತ್ತಾರೆ. ಬಿಸಿಗಾಳಿ ಮೇಲಿನ ಕಿಂಡಿಗಳಿಂದ ಹೊರಗೆ ಹೋಗುತ್ತದೆ. ಟೆರೇಸಿನಲ್ಲಿ ನೆರಳು ಮನೆ ಕಟ್ಟುವ ಯೋಚನೆ ಇರುವವರು ಇಲ್ಲಿ ನಿಂತು ಸ್ಕೆಚ್ ಬರೆದುಕೊಳ್ಳಲಿ. ಹೊತ್ತು ಸಾಲದಿದ್ದರೆ ಆರ್ಕಿಡ್ ಸಾಲನ್ನು ಬಿಟ್ಟು ಇದನ್ನೇ ನೋಡಿ.