ಅಂಜನಾದ್ರಿ ಇಳಿಯುವಾಗ ಮೊಣಕಾಲು ಹಿಡಿಯದಿರಲು

ಕೊಪ್ಪಳ ಜಿಲ್ಲೆಯ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಮೊಣಕಾಲು ಹಿಡಿಯುವುದು ಮಾತ್ರ ಇಳಿಯುವಾಗ. ಕಾರಣ ತೊಡೆಯ ಮುಂದಿನ ಸ್ನಾಯು. ಹತ್ತುವಾಗ ಅದು ಕುಗ್ಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತಾ ಬ್ರೇಕ್ ಹಾಕುತ್ತದೆ. ಮಾರನೇ ದಿನ ತೊಡೆ ಕಲ್ಲಾಗುವುದು ಈ ಬ್ರೇಕಿನ ಕೆಲಸದಿಂದ.

ಸಮತಟ್ಟು ನೆಲದಲ್ಲಿ ಹಿಮ್ಮಡಿ ಊರಿದ ಮೇಲೆ ಮೊಣಕಾಲು 15-20 ಡಿಗ್ರಿಯಷ್ಟು ಬಾಗಿ ಭಾರ ಹೊರುತ್ತದೆ. ಮೆಟ್ಟಿಲಿಳಿಯುವಾಗ ಮೇಲೆ ಉಳಿದ ಕಾಲು ಇಡೀ ಮೈಭಾರ ಹೊತ್ತು ಅದಕ್ಕಿಂತ ಎಷ್ಟೋ ಹೆಚ್ಚು ಬಾಗಬೇಕು. ಮಂಡಿಚಿಪ್ಪು ತೊಡೆಮೂಳೆಗೆ ಜೋರಾಗಿ ಒತ್ತುವುದು ಆಗಲೇ.

ಹಾಗಾಗಿ ಕೆಳಗಿನ ಮೆಟ್ಟಿಲಿಗೆ ಮೊದಲು ಪಾದದ ಮುಂಭಾಗ ತಾಗಲಿ, ಆಮೇಲೆ ಹಿಮ್ಮಡಿ. ಮೀನಖಂಡ ಹೊಡೆತ ನುಂಗುತ್ತದೆ. ದಡದಡ ಹಿಮ್ಮಡಿ ಕುಟ್ಟಿ ಓಡುವ ಹುಡುಗರನ್ನು ನೋಡಿ ಕಲಿಯಬೇಡಿ! ಮೊಣಕಾಲು ಒಳಗೆ ವಾಲದೆ ಎರಡನೇ ಬೆರಳಿನ ನೇರಕ್ಕಿರಲಿ. ಪದೇಪದೇ ವಾಲುತ್ತಿದ್ದರೆ ಸಾಮಾನ್ಯವಾಗಿ ಸೊಂಟದ ಪಕ್ಕದ ಸ್ನಾಯು ದಣಿದಿರುತ್ತದೆ, ಐದು ನಿಮಿಷ ಕೂತುಬಿಡಿ. ಒಂದು ಕಾಲು ನೋಯುತ್ತಿದ್ದರೆ ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಬಹಳ ಜನ ಇದನ್ನೇ ತಿರುಗುಮುರುಗು ಮಾಡುತ್ತಾರೆ.

ಹನುಮ ಮಾಲೆ ಹಾಕಿದವರು ಎರಡು-ಮೂರು ವಾರ ಮೊದಲೇ ಶುರು ಮಾಡಿ. ಸುಮಾರು 15 ಸೆಂಟಿಮೀಟರಿನ ಒಂದು ಮೆಟ್ಟಿಲ ಮೇಲೆ ಗೋಡೆ ಹಿಡಿದು ಒಂದೇ ಕಾಲಲ್ಲಿ ನಿಂತು, ಮೂರು ಎಣಿಸುತ್ತಾ ಇನ್ನೊಂದು ಕಾಲನ್ನು ನಿಧಾನ ನೆಲಕ್ಕೆ ತಾಗಿಸಿ ಮೇಲೆತ್ತಿ. ಒಂದೊಂದು ಕಾಲಿಗೆ 10 ಸಲ, ಎರಡು ಸುತ್ತು, ದಿನ ಬಿಟ್ಟು ದಿನ. ಬೇಗಬೇಗ ಮಾಡಿದರೆ ಉಪಯೋಗವಿಲ್ಲ, ಬೇಕಿರುವುದೇ ಆ ನಿಧಾನ. ಮೊಣಕಾಲು ಊದಿದ್ದರೆ ಮಾತ್ರ ಇದು ಬೇಡ, ಮೊದಲು ಡಾಕ್ಟರಿಗೆ ತೋರಿಸಿ.