ಬಚ್ಚಲ ಒಲೆ ನನ್ನ ಪ್ರಶ್ನೆಪತ್ರಿಕೆಯಲ್ಲಿ ಇರಲಿಲ್ಲ

ಎಂಎಸ್ಸಿ ನರ್ಸಿಂಗ್ ಓದುವಾಗ ಸಂಶೋಧನೆಗೆ ನಾನು ಸಕ್ಕರೆ ಕಾಯಿಲೆ ಆರಿಸಿಕೊಂಡೆ. ಕಾಯಿಲೆ ಇರುವವರು ಮನೆಯಲ್ಲಿ ತಮ್ಮನ್ನು ತಾವು ಹೇಗೆ ನೋಡಿಕೊಳ್ಳುತ್ತಾರೆ, ಅವರ ಆರೋಗ್ಯದ ಬಗ್ಗೆ ಅವರಿಗೇ ಏನನ್ನಿಸುತ್ತದೆ, ಇದಿಷ್ಟು ನನ್ನ ವಿಷಯ. ಜಾಗ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯ ಹಳ್ಳಿಗಳು ಮತ್ತು ಕಾಫಿ ಎಸ್ಟೇಟಿನ ಲೈನ್ ಮನೆಗಳು.

ಶುರು ಮಾಡಿದ್ದು ಮಾತ್ರ ಆಸ್ಪತ್ರೆಯ ಓಪಿಡಿ ಸಾಲಿನಲ್ಲಿ. ಸಕ್ಕರೆ ಕಾಯಿಲೆಯವರು ತಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಅಳೆಯಲು, ಟೂಬರ್ಟ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2000ರಲ್ಲಿ ಪರಿಷ್ಕರಿಸಿದ ಪ್ರಶ್ನಾವಳಿಯೊಂದಿದೆ. ಕಳೆದ ಏಳು ದಿನದಲ್ಲಿ ಎಷ್ಟು ದಿನ ಸರಿಯಾಗಿ ಊಟ ಮಾಡಿದಿರಿ, ಎಷ್ಟು ದಿನ ನಡೆದಿರಿ, ಎಷ್ಟು ದಿನ ಪಾದ ನೋಡಿಕೊಂಡಿರಿ ಎಂದು ಕೇಳುತ್ತದೆ. ಪಾದದ ಪ್ರಶ್ನೆಗೆ ಬಹಳ ಜನ ‘ಏಳೂ ದಿನ’ ಎಂದರು. ನನಗೆ ಖುಷಿಯಾಯಿತು. ಆಮೇಲೆ ಅನುಮಾನ ಬಂತು. ಬಿಳಿ ಕೋಟು ಹಾಕಿಕೊಂಡು ಡಾಕ್ಟರ್ ಬಾಗಿಲ ಮುಂದೆ ನಿಂತು ಕೇಳಿದರೆ ಇನ್ನೇನು ಹೇಳ್ತಾರೆ, ಅಲ್ವಾ?

ಒಬ್ಬ ಅಜ್ಜಿಗೆ, ‘ನಾನು ಕೇಳಿದ್ದು ಏನು ಅಂತ ನಿಮ್ಮ ಮಾತಲ್ಲೇ ಹೇಳಿ’ ಎಂದೆ. ‘ದಿನಾ ಕಾಲು ತೊಳೀತೀಯಾ ಅಂತ ತಾನೆ’ ಎಂದರು. ತಪ್ಪು ಅಲ್ಲಿತ್ತು. ಪ್ರಶ್ನೆಯನ್ನು ಕನ್ನಡಕ್ಕೆ ತಂದು, ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸಿ ನೋಡಿದ್ದೆವು. ಎಲ್ಲ ಸರಿಯಾಗಿಯೇ ಕಂಡಿತ್ತು. ಕಾಗದದ ಮೇಲೆ ಸರಿ ಇದ್ದದ್ದು ಅಜ್ಜಿಯ ಕಿವಿಯಲ್ಲಿ ಬೇರೆಯಾಗಿತ್ತು. ಗೈಡ್ ಹತ್ತಿರ ಮಾತಾಡಿ, ಆ ಪ್ರಶ್ನೆಯನ್ನು ‘ಕಾಲು ಎತ್ತಿ, ಅಂಗಾಲು ಮತ್ತು ಬೆರಳ ಸಂದಿ ನೋಡಿಕೊಂಡ್ರಾ?’ ಎಂದು ಬದಲಿಸಿದೆ. ಓಪಿಡಿಯಲ್ಲಿ ಬರೆದುಕೊಂಡಿದ್ದನ್ನೆಲ್ಲ ಪಕ್ಕಕ್ಕಿಟ್ಟು ಮನೆಗಳಿಗೆ ಹೊರಟೆ.

ನೈತಿಕ ಸಮಿತಿಯ ಅನುಮತಿ, ಒಪ್ಪಿಗೆ ಪತ್ರ, ಹೆಬ್ಬೆಟ್ಟು, ಇವೆಲ್ಲ ಎಲ್ಲ ಸಂಶೋಧನೆಯಲ್ಲೂ ಇರುವಂಥವೇ. ನನಗೆ ಕಷ್ಟವಾಗಿದ್ದು ರೋಗಿ ಒಬ್ಬರೇ ಸಿಗುವುದು. ಅಮ್ಮನಿಗೆ ಪ್ರಶ್ನೆ ಕೇಳಿದರೆ ಮಗ ಉತ್ತರ ಹೇಳುತ್ತಿದ್ದರು. ‘ಹಿತ್ತಲು ತೋರಿಸಿ’ ಅಂತ ಹೇಳಿ ಹಿಂದೆ ಕರೆದುಕೊಂಡು ಹೋಗುವುದನ್ನು ಕಲಿತೆ. ಅಲ್ಲಿ ನಿಜ ಹೊರಗೆ ಬರುತ್ತಿತ್ತು. ಶನಿವಾರ ಒಪ್ಪತ್ತು ಮಾಡುವ ಒಬ್ಬರು ಅವತ್ತೂ ಬೆಳಿಗ್ಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಪ್ಪದೆ ನುಂಗುತ್ತಿದ್ದರು. ಹತ್ತು ಗಂಟೆ ಹೊತ್ತಿಗೆ ಬೆವರು, ಕೈ ನಡುಕ. ಅದನ್ನು ದೇವರ ಪರೀಕ್ಷೆ ಅಂದುಕೊಂಡಿದ್ದರು. ಆ ಮಾತ್ರೆ ಹೊಟ್ಟೆಯಲ್ಲಿ ಊಟ ಇದ್ದರೂ ಇಲ್ಲದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುವುದು ಹೀಗೆ. ಪ್ರಶ್ನಾವಳಿಯಲ್ಲಿ ಮಾತ್ರ ಅವರಿಗೆ ಪೂರ್ತಿ ಅಂಕ, ಏಳು ದಿನಕ್ಕೆ ಏಳೂ ದಿನ ಮಾತ್ರೆ! ಅಂಕ ಹಾಗೇ ಬರೆದುಕೊಂಡೆ. ಆದರೆ ಅವತ್ತೇ ಅವರನ್ನು ಡಾಕ್ಟರ್ ಹತ್ತಿರ ಕಳಿಸಿದೆ. ಸಂಶೋಧನೆ ಮುಗಿಯಲಿ ಅಂತ ಇಂಥದ್ದಕ್ಕೆ ಕಾಯುವುದು ನರ್ಸ್ ಆದವಳಿಗೆ ಸಾಧ್ಯವೇ ಇಲ್ಲ.

ಇನ್ನು ಬಚ್ಚಲು. ಜುಲೈ ಮಳೆ ಹಿಡಿದಾಗ ಮಲೆನಾಡಿನ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಹಂಡೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕಾಲು ಚಾಚಿ ಕೂರುತ್ತಾರೆ. ಸಂಜೆ ಅರ್ಧ ಗಂಟೆ ಸಲೀಸು. ಒಬ್ಬ ತಾಯಿಯ ಹಿಮ್ಮಡಿ ಪಕ್ಕದಲ್ಲಿ ಗುಳ್ಳೆ ಒಡೆದು ಹುಣ್ಣಾಗಿತ್ತು. ‘ಇದು ಯಾವಾಗ ಆಯ್ತು?’ ಅಂದರೆ ಅವರಿಗೆ ಗೊತ್ತೇ ಇರಲಿಲ್ಲ. ಚೀಲದಿಂದ 10 ಗ್ರಾಂ ಮಾನೋಫಿಲಮೆಂಟ್ ತೆಗೆದೆ. ಅದೊಂದು ನೈಲಾನ್ ಎಳೆ, ಚರ್ಮಕ್ಕೆ ಮುಟ್ಟಿಸಿ ಬಾಗುವಷ್ಟು ಒತ್ತಿದರೆ ಗೊತ್ತಾಗಬೇಕು. ಕಣ್ಣು ಮುಚ್ಚಿಸಿ ಒತ್ತಿದೆ. ‘ಇನ್ನೂ ಶುರು ಮಾಡಿಲ್ವಾ?’ ಎಂದು ಕೇಳಿದರು. ನಾಲ್ಕನೇ ಸಲ ಒತ್ತುತ್ತಿದ್ದೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶೂ ಒಳಗೆ ನೋಡುತ್ತೀರಾ ಎಂಬ ಪ್ರಶ್ನೆ ನನ್ನ ಹಾಳೆಯಲ್ಲಿತ್ತು. ಅವರ ಹತ್ತಿರ ಇದ್ದದ್ದು ಹವಾಯಿ ಚಪ್ಪಲಿ. ಬೆಂಕಿ ಮುಂದೆ ಕಾಲು ಕಾಯಿಸುತ್ತೀರಾ, ಇಂಬಳ (ಜಿಗಣೆ) ಹತ್ತದಿರಲಿ ಅಂತ ಕಾಲಿಗೆ ಸುಣ್ಣ ಹಚ್ಚುತ್ತೀರಾ, ಹಂಡೆ ನೀರಿನ ಬಿಸಿ ಯಾವುದರಿಂದ ನೋಡುತ್ತೀರಾ ಎಂಬುದು ಎಲ್ಲೂ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಸತ್ತ ಕಾಲಿಗೆ ಈ ಮೂರೂ ಅಪಾಯ. ಅಂಕ ಕೊಡುವ ಪ್ರಶ್ನೆಗಳಿಗೆ ಇವನ್ನು ಸೇರಿಸಿದರೆ ಬೇರೆ ಕಡೆಯ ಅಧ್ಯಯನಗಳ ಜೊತೆ ಹೋಲಿಸಲು ಆಗುವುದಿಲ್ಲ. ಹಾಗಾಗಿ ಪ್ರತ್ಯೇಕ ಹಾಳೆ ಮಾಡಿ, ಸಮಿತಿಗೆ ತೋರಿಸಿ ಒಪ್ಪಿಗೆ ಪಡೆದು, ಎಲ್ಲರಿಗೂ ಕೇಳಿದೆ.

‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ?’ ಎಂಬ ಪ್ರಶ್ನೆ ಸುಮ್ನೆ ಕೇಳುವಂಥದ್ದಲ್ಲ. ಐಡ್ಲರ್ ಮತ್ತು ಬೆನ್ಯಾಮಿನಿ ಎಂಬ ಸಂಶೋಧಕರು 1997ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದ್ದರು. ತಮ್ಮ ಆರೋಗ್ಯ ಕೆಟ್ಟದಾಗಿದೆ ಎನ್ನುವವರಲ್ಲಿ ಮುಂದೆ ಸಾವಿನ ಸಂಭವ ಜಾಸ್ತಿ ಎಂದು ಹೆಚ್ಚುಕಡಿಮೆ ಎಲ್ಲದರಲ್ಲೂ ಕಂಡಿತ್ತು, ಬೇರೆ ಕಾಯಿಲೆಗಳ ಲೆಕ್ಕ ಹಿಡಿದ ಮೇಲೂ. ಆದರೆ ನಮ್ಮ ಕಡೆ ಬರುವ ಉತ್ತರ ‘ಅಡ್ಡಿಲ್ಲ’. ಅದನ್ನು ‘ಚೆನ್ನಾಗಿದೆ’ಗೆ ಹಾಕಲಾ, ‘ಸಾಧಾರಣ’ಕ್ಕಾ? ನಾನೇ ಊಹಿಸಿ ಗುರುತು ಹಾಕಿದರೆ ಅದು ನನ್ನ ಉತ್ತರ ಆಗುತ್ತದೆ. ಐದು ಮುಖದ ಚಿತ್ರಗಳನ್ನು ಮುಂದಿಟ್ಟು ಅವರಿಂದಲೇ ಬೆರಳು ಇಡಿಸಿದೆ. ಜೊತೆಗೆ ‘ಯಾಕೆ ಹಾಗನ್ನಿಸಿತು?’ ಎಂದೂ ಕೇಳಿದೆ. ಕೆಲವರು ಸಕ್ಕರೆ ಎಷ್ಟಿದೆ ಎನ್ನುವುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ‘ಈ ಸಲ ಕಾಫಿ ಕುಯ್ಲಿಗೆ ಹೋದೆ’ ಅಂದರೆ ಆರೋಗ್ಯ ಚೆನ್ನಾಗಿದೆ. ಮನೆಯಲ್ಲೇ ಉಳಿದರೆ ಇಲ್ಲ.

ಹುಣ್ಣಿದ್ದ ತಾಯಿ ಬೆರಳಿಟ್ಟದ್ದು ನಗುವ ಮುಖದ ಮೇಲೆ. ನೋವೇ ಇಲ್ಲವಲ್ಲ, ಮತ್ತೇನು ಅಂದರು.

ಅವರ ಮನೆಗೆ ಒಂದೂವರೆ ತಿಂಗಳು ಬಿಟ್ಟು ಮತ್ತೆ ಹೋದೆ. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಆಗಿ ಹುಣ್ಣು ಮಾಗುತ್ತಿತ್ತು. ಮಣೆ ಒಲೆಯಿಂದ ದೂರ ಗೋಡೆ ಪಕ್ಕಕ್ಕೆ ಹೋಗಿತ್ತು. ಕಾಲಿಗೆ ಹತ್ತಿಯ ಕಾಲುಚೀಲ. ಮೊಮ್ಮಗಳು ಸ್ಕೂಲಿಂದ ಬಂದವಳೇ ಅಜ್ಜಿಯ ಅಂಗಾಲು ಎತ್ತಿ ನೋಡಿ, ಕ್ಯಾಲೆಂಡರಿನಲ್ಲಿ ಅವತ್ತಿನ ದಿನಕ್ಕೆ ಒಂದು ಗೆರೆ ಎಳೆದಳು. ನಾನು ಚಿತ್ರದ ಹಾಳೆ ತೆಗೆದೆ. ಈ ಸಲ ಅವರು ಬೆರಳು ಇಡುವ ಮೊದಲು ತುಂಬ ಹೊತ್ತು ಯೋಚಿಸಿದರು.