ಬಿಳಿ ಡಯಲ್ ಹಾಕಿದ ಮೇಲೆ ಮುಳ್ಳು ಸರಿಯಾಗಿ ಕೂರಿಸುವುದು ಹೇಗೆ

ಶಿವಮೊಗ್ಗದಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವವನು ನಾನು. ಮೀಟರ್ ಬೋರ್ಡಿಗೆ ಬಿಳಿ ಡಯಲ್, ನೀಲಿ ಎಲ್‌ಇಡಿ ಹಾಕಿಸಲು ಬರುವವರು ಬೆಳಕು ನೋಡಿ ಖುಷಿಯಾಗಿ ಹೋಗುತ್ತಾರೆ. ಮೊದಮೊದಲು ನಾನೂ ಅಷ್ಟಕ್ಕೇ ಬಿಡುತ್ತಿದ್ದೆ. ಒಂದು ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಗಿರಾಕಿಯೊಬ್ಬರು ಬಂದು, "ಮಾರಾಯ್ರೆ, ಮುಳ್ಳು ಕಾಲು ಟ್ಯಾಂಕ್ ತೋರಿಸ್ತಿತ್ತು, ಆಗುಂಬೆ ಘಾಟಿಯಲ್ಲಿ ರಾತ್ರಿ ಗಾಡಿ ನಿಂತೋಯ್ತು, ಹಿಂದೆ ಮಕ್ಕಳಿದ್ರು" ಅಂದರು. ಆ ಮುಳ್ಳು ಕೂರಿಸಿದ್ದು ನಾನೇ. ಆಮೇಲೆ ಅಳತೆ ನೋಡದೆ ಒಂದು ಗಾಡಿಯನ್ನೂ ಹೊರಗೆ ಕಳಿಸಿಲ್ಲ.

ಬಿಚ್ಚುವ ಮೊದಲು ಮೂರು ಫೋಟೊ ತೆಗೆಯಿರಿ: ಕೀ ಆಫ್, ಕೀ ಆನ್, ಇಂಜಿನ್ ಬಿಸಿಯಾಗಿ ಫ್ಯಾನ್ ತಿರುಗುವಾಗ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಮುಳ್ಳಿನ ಬುಡಕ್ಕೆ ಎರಡೂ ಕಡೆ ಚಮಚ ಕೊಟ್ಟು, ಚಮಚದ ಕೆಳಗೆ ಬಟ್ಟೆ ಇಟ್ಟು, ನೇರ ಮೇಲಕ್ಕೆ ಎತ್ತಿ. ತಿರುಚಿದರೆ ಒಳಗಿನ ಮೋಟರಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ.

ಹೆಚ್ಚಿನವರು ಬಿಡುವ ಹೆಜ್ಜೆ ಇದು. ಹಳೆ ಡಯಲಿನ ಮೇಲೆ ಹೊಸದನ್ನಿಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿಯಿರಿ. ನಡುವಿನ ತೂತು ಕೂಡಿಸಿ 0, 60, 120ರ ಗೆರೆ ನೋಡಿ. ನನ್ನ ಕೈಗೆ ಬಂದ ಒಂದು ಡಯಲಿನಲ್ಲಿ ಸೊನ್ನೆ ಸರಿ ಇತ್ತು, 120ರ ಗೆರೆ ಒಂದು ಅಕ್ಕಿಕಾಳಿನಷ್ಟು ಆಚೆ ಇತ್ತು. ಅಂಥದ್ದನ್ನು ವಾಪಸ್ ಕೊಡಿ. ಛಾಪೇ ತಪ್ಪಾಗಿದ್ದರೆ ಮುಳ್ಳು ಎಲ್ಲಿ ಕೂರಿಸಿದರೂ ಒಂದು ತುದಿ ತಪ್ಪೇ.

ಮುಳ್ಳನ್ನು ಮೊದಲು ಹಗುರವಾಗಿ ಮಾತ್ರ ಒತ್ತಿ. ಬ್ಯಾಟರಿ ಮತ್ತೆ ಜೋಡಿಸಿ. ವೇಗದ ಮುಳ್ಳು ನೋಡಲು ಜೊತೆಗೊಬ್ಬರನ್ನು ಕೂರಿಸಿಕೊಂಡು, ಫೋನಿನ ಜಿಪಿಎಸ್ ಅವರ ಕೈಗೆ ಕೊಡಿ. ಸಕ್ರೆಬೈಲು ಕಡೆ ಮರದ ನೆರಳು ದಟ್ಟ, ಅಲ್ಲಿ ಜಿಪಿಎಸ್ ತಡಬಡಾಯಿಸುತ್ತದೆ. ಬಯಲು ರಸ್ತೆಯೇ ಬೇಕು. ಕಿಲೋಮೀಟರ್ ಕಲ್ಲುಗಳೂ ಸಾಕು: ಒಂದೇ ವೇಗದಲ್ಲಿ ಒಂದು ಕಲ್ಲಿನಿಂದ ಮುಂದಿನದಕ್ಕೆ 60 ಸೆಕೆಂಡ್ ಹಿಡಿದರೆ ನಿಜವಾದ ವೇಗ 60. 40, 60, 80 ಮೂರರಲ್ಲೂ ನೋಡಿ. ವ್ಯತ್ಯಾಸ ಎಲ್ಲ ಕಡೆ ಒಂದೇ ಇದ್ದರೆ ಮುಳ್ಳು ತಪ್ಪಿ ಕೂತಿದೆ, ಗಾಡಿ ನಿಲ್ಲಿಸಿ ಅಷ್ಟು ಸರಿಸಿ. ವೇಗದ ಜೊತೆ ವ್ಯತ್ಯಾಸವೂ ಏರುತ್ತಿದ್ದರೆ ಟೈರಿನ ಸೈಜ್ ಬದಲಾಗಿದೆಯಾ ನೋಡಿ. ಮೀಟರ್ ಎರಡು ಮೂರು ಕಿಲೋಮೀಟರ್ ಹೆಚ್ಚು ತೋರಿಸಲಿ, ಕಡಿಮೆ ಮಾತ್ರ ತೋರಿಸಬಾರದು.

ಇಂಜಿನ್ ಬಿಸಿ ತೋರಿಸುವ ಮುಳ್ಳನ್ನು, ಫ್ಯಾನ್ ತಿರುಗುವಾಗ, ಆ ಮೂರನೇ ಫೋಟೊಗೆ ಹೊಂದಿಸಿದರೆ ಆಯ್ತು.

ಪೆಟ್ರೋಲಿಗೆ ತಾಳ್ಮೆ ಬೇಕು. ನಮ್ಮೂರ ಅಂಗಳಗಳು ಇಳಿಜಾರು, ಟ್ಯಾಂಕಿನೊಳಗೆ ಪೆಟ್ರೋಲ್ ಒಂದು ಕಡೆ ವಾಲಿ, ಅದರ ಮೇಲೆ ತೇಲುತ್ತಾ ಮಟ್ಟ ತಿಳಿಸುವ ಫ್ಲೋಟ್ ತಪ್ಪು ತೋರಿಸುತ್ತದೆ. ಹಾಗಾಗಿ ಬಂಕಿನ ಮಟ್ಟ ನೆಲದಲ್ಲೇ ಮಾಡಿ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಆದಾಗ ಹೋಗಿ ಐದೈದು ಲೀಟರ್ ಹಾಕಿಸಿ. ಪ್ರತಿ ಸಲ ಕೀ ಆನ್ ಮಾಡಿ, ಮುಳ್ಳು ನಿಧಾನಕ್ಕೆ ಏರಿ ನಿಲ್ಲುವವರೆಗೆ ಕಾದು, ಎಷ್ಟು ಲೀಟರಿಗೆ ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ನನ್ನ ಲೆಕ್ಕದಲ್ಲಿ ಕೆಳಗಿನ ಕಾಲು ಭಾಗ ಸರಿ ಇರಲೇಬೇಕು. ಮೇಲೆ ಸ್ವಲ್ಪ ಆಚೀಚೆ ಆದರೂ ಯಾರೂ ಕಾಡಿನಲ್ಲಿ ಸಿಕ್ಕಿಬೀಳುವುದಿಲ್ಲ.

ಹೆಡ್‌ಲೈಟ್ ಹಾಕಿದೊಡನೆ ಪೆಟ್ರೋಲ್, ಬಿಸಿ ಎರಡೂ ಮುಳ್ಳು ಅಲುಗಿದರೆ ಮುಳ್ಳನ್ನು ಮುಟ್ಟಬೇಡಿ. ಅದು ಅರ್ತಿನ (ಗಾಡಿಯ ಕಬ್ಬಿಣಕ್ಕೆ ಬೋಲ್ಟ್ ಹಾಕಿದ ನೆಗೆಟಿವ್ ವೈರಿನ) ತೊಂದರೆ, ನಮ್ಮ ಮಳೆಗೆ ಹಿಡಿದ ತುಕ್ಕು. ಬೋಲ್ಟ್ ಬಿಚ್ಚಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ಹಳೆ ಗಾಡಿಗಳಲ್ಲಿ ಬ್ಯಾಟರಿ ಚಿಹ್ನೆಯ ಬಲ್ಬಿಗೆ ಎಲ್‌ಇಡಿ ಹಾಕಲೇಬೇಡಿ. ಇಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಚಾರ್ಜ್ ಶುರುಮಾಡಲು ಆ ಬಲ್ಬಿನ ಮೂಲಕ ಹೋಗುವ ಕರೆಂಟೇ ಬೇಕು.

ಎಲ್ಲ ಹೊಂದಿದ ಮೇಲೆ ಮುಳ್ಳನ್ನು ಪೂರ್ತಿ ಒತ್ತಿ ಗಾಜು ಮುಚ್ಚಿ. ಲೀಟರ್ ಬರೆದ ಚೀಟಿಯನ್ನು ಗಿರಾಕಿಗೇ ಕೊಡುತ್ತೇನೆ. ಆ ತೀರ್ಥಹಳ್ಳಿಯವರ ಕಾರಿನಲ್ಲಿ ಅದು ಇನ್ನೂ ಸನ್‌ವೈಸರ್ ಹಿಂದೆ ಇದೆ.